ಸೀಮಂತ ಮುಗಿದ ಮೇಲೆ ಬಂದ ಮೊಗ್ಗಿನ ಜಡೆ: ತಡವಾದ ಆರ್ಡರ್‌ಗೆ ಹಣ ವಾಪಸ್ ಕೇಳುವುದು ಹೇಗೆ?

ಮೈಸೂರಿನಲ್ಲಿ ಅಕ್ಕನ ಮಗಳ ಸೀಮಂತಕ್ಕೆ ಮೊಗ್ಗಿನ ಜಡೆ ಹೇಳಿದ್ದೆವು. ಮನೆಯಲ್ಲೇ ಜಡೆ ಕಟ್ಟಿಕೊಡುವ ಒಬ್ಬ ಹೆಂಗಸು. 1,800 ರೂಪಾಯಿಗೆ ಮಾತಾಗಿ, 1,000 ಅಡ್ವಾನ್ಸ್ ಕೊಟ್ಟಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ತಂದುಕೊಡುತ್ತೇನೆ ಎಂದಿದ್ದರು. ಒಂಬತ್ತಾಯಿತು, ಹತ್ತಾಯಿತು. ಫೋನ್ ಮಾಡಿದಾಗೆಲ್ಲ "ಬಂದೆ ಮೇಡಂ, ದಾರೀಲಿದೀನಿ" ಎನ್ನುತ್ತಿದ್ದರು. ಹತ್ತೂವರೆಗೆ ಶಾಸ್ತ್ರ ಶುರುವಾಯಿತು. ಬೀದಿ ಕೊನೆಯ ಹೂವಿನ ಅಂಗಡಿಯಿಂದ ಎರಡು ಮೊಳ ಮಲ್ಲಿಗೆ ತಂದು ಮುಡಿಸಿದೆವು.

ಜಡೆ ಬಂದದ್ದು ಒಂದೂಕಾಲಿಗೆ. ಆರತಿ ಆಗಿತ್ತು, ಮೊದಲ ಪಂಕ್ತಿ ಊಟಕ್ಕೆ ಕೂತಿತ್ತು, ಫೋಟೋಗ್ರಾಫರ್ ಹೊರಟುಹೋಗಿದ್ದ. ಬಸುರಿ ಹುಡುಗಿ ಬೆಳಿಗ್ಗೆಯಿಂದ ಕೂತು ಸುಸ್ತಾಗಿ ಒಳಗೆ ಮಲಗಿದ್ದಳು. ಒದ್ದೆ ಬಟ್ಟೆ ಬಿಚ್ಚಿ ನೋಡಿದರೆ ಅಂಚಿನ ಮೊಗ್ಗುಗಳು ಆಗಲೇ ಅರಳತೊಡಗಿದ್ದವು. ಹಿಂದೆ ಕನ್ನಡಿ ಇಟ್ಟು, ಅದರಲ್ಲಿ ಜಡೆ ಕಾಣುವ ಹಾಗೆ ಒಂದು ಫೋಟೋ ತೆಗೆಸಬೇಕು ಅನ್ನೋದು ಅಕ್ಕನ ಆಸೆ. ಅವಳ ಸೀಮಂತದ ಅಂಥದ್ದೇ ಫೋಟೋ ಮನೆಯ ಗೋಡೆ ಮೇಲಿದೆ. ಅದು ಆಗಲೇ ಇಲ್ಲ.

ಮನೆ ತುಂಬ ನೆಂಟರು. ಜಗಳ ಬೇಡ ಅಂತ "ಇರ್ಲಿ ಬಿಡಿ, ಪರವಾಗಿಲ್ಲ" ಎಂದು ಬಾಕಿ 800 ಕೊಟ್ಟು ಕಳಿಸಿದೆ. ಮಾರನೇ ದಿನ ಮನಸ್ಸು ತಡೆಯದೆ ಹಣ ಕೇಳಿದೆ. "ತಗೊಂಡ್ರಲ್ಲಾ ಮೇಡಂ, ಬಾಕಿನೂ ಕೊಟ್ರಿ. ಈಗ ಕೇಳಿದ್ರೆ ಹೇಗೆ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಕಾನೂನು ಏನು ಹೇಳುತ್ತದೆ ಎಂದು ಓದಿ ನೋಡಿದೆ. ತಡವಾದಾಗ ಹಣ ವಾಪಸ್ ಕೇಳುವ ಹಕ್ಕು ಗ್ರಾಹಕರಿಗೆ ಖಂಡಿತ ಇದೆ. ಆದರೆ ಆ ಹಕ್ಕು ಗಟ್ಟಿಯಾಗುವುದು ಎರಡು ಹೊತ್ತಿನಲ್ಲಿ: ಆರ್ಡರ್ ಹೇಳುವಾಗ, ಮತ್ತು ವಸ್ತು ಕೈಗೆ ಬಂದಾಗ. ಎರಡರಲ್ಲೂ ನಾನು ತಪ್ಪಿದ್ದೆ. ನೀವು ತಪ್ಪಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಆರ್ಡರ್ ಹೇಳುವಾಗಲೇ ಯಾವ ಕಾರ್ಯ, ಯಾವ ಹೊತ್ತು ಎಂದು ಬರೆದು ಕಳಿಸಿ

"ಶುಕ್ರವಾರ ಬೇಕು" ಎಂದರೆ ಸಾಲದು. ಶುಕ್ರವಾರ ರಾತ್ರಿ ಎಂಟಕ್ಕೆ ತಂದುಕೊಟ್ಟರೂ ಅದು ಶುಕ್ರವಾರವೇ. ಯಾವ ಕಾರ್ಯಕ್ಕೆ, ಎಷ್ಟು ಗಂಟೆಗೆ, ಆ ಹೊತ್ತು ದಾಟಿದರೆ ಯಾಕೆ ಉಪಯೋಗವಿಲ್ಲ, ಮೂರನ್ನೂ ಹೇಳಿ.

ಇದಕ್ಕೆ ಕಾರಣವಿದೆ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಇಂಥ ವಿಷಯಕ್ಕೆಂದೇ ಇದೆ. ಹೊತ್ತಿಗೆ ಸರಿಯಾಗಿ ಆಗುವುದೇ ಕರಾರಿನ ಜೀವಾಳ ಎಂದು ಇಬ್ಬರ ಮನಸ್ಸಿನಲ್ಲೂ ಇದ್ದರೆ, ಹೊತ್ತು ತಪ್ಪಿದಾಗ ಆರ್ಡರ್ ರದ್ದು ಮಾಡುವ ಹಕ್ಕು ಗ್ರಾಹಕರಿಗೆ ಬರುತ್ತದೆ. ಹಾಗೆ ಇರಲಿಲ್ಲ ಎಂದಾದರೆ, ತಡದಿಂದ ಆದ ನಷ್ಟ ಮಾತ್ರ ಕೇಳಬಹುದು. ಅದೇ ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ, ಸಹಜವಾಗಿ ಆಗುವ ನಷ್ಟ ಮತ್ತು ಆರ್ಡರ್ ಹೇಳುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟ, ಇವಕ್ಕೆ ಪರಿಹಾರ ಸಿಗುತ್ತದೆ. ಆಮೇಲೆ ಹೇಳಿದ ನಷ್ಟಕ್ಕೆ ಸಿಗುವುದು ಕಷ್ಟ. ಹಾಗಾಗಿ ಮುಹೂರ್ತದ ಹೊತ್ತನ್ನು ಮೊದಲೇ ಹೇಳಿದರೆ ಎರಡೂ ಕಡೆ ಕೆಲಸಕ್ಕೆ ಬರುತ್ತದೆ.

ಸ್ಟಾಂಪ್ ಪೇಪರ್ ಏನೂ ಬೇಡ. ಒಂದು ವಾಟ್ಸಾಪ್ ಮೆಸೇಜ್ ಸಾಕು:

"ಅಕ್ಕ, ಭಾನುವಾರ ನಮ್ಮ ಮಗಳ ಧಾರೆ. ಮುಹೂರ್ತ ಬೆಳಿಗ್ಗೆ 9:40ರಿಂದ 10:30. ಬ್ಲೌಸ್ ಗುರುವಾರ ಸಂಜೆ ಆರರೊಳಗೆ ಕೈಗೆ ಬೇಕು, ಶುಕ್ರವಾರ ಟ್ರಯಲ್ ನೋಡಬೇಕು. ಧಾರೆ ಮುಗಿದ ಮೇಲೆ ಬಂದರೆ ನಮಗೆ ಬೇಡ, ಅಡ್ವಾನ್ಸ್ ವಾಪಸ್ ಕೊಡಬೇಕಾಗುತ್ತೆ. ಒಟ್ಟು 3,500, ಈಗ 1,500 ಕಳಿಸಿದೀನಿ. ಸರಿನಾ ಅಂತ ಒಂದು ಮಾತು ಹೇಳಿ."

ಆ ಕೊನೆಯ ವಾಕ್ಯ ಬಿಡಬೇಡಿ. ಅವರು "ಸರಿ ಅಕ್ಕ" ಎಂದು ಬರೆದರೆ ನಿಮ್ಮ ಕೈಯಲ್ಲಿ ಒಪ್ಪಂದ ಇದೆ. ಇದನ್ನು ಕೇಳಲು ಸಂಕೋಚ ಪಡಬೇಡಿ. ಒಳ್ಳೆಯ ಕೆಲಸಗಾರರು ಇಂಥ ಮೆಸೇಜ್ ಇಷ್ಟಪಡುತ್ತಾರೆ, ಅವರಿಗೂ ಲೆಕ್ಕ ಸುಲಭವಾಗುತ್ತದೆ. ಫೋನಿನಲ್ಲೇ ಮಾತು ಮುಗಿದಿದ್ದರೆ, "ಈಗ ಮಾತಾಡಿದ ಹಾಗೆ..." ಎಂದು ಶುರುಮಾಡಿ ಅದನ್ನೇ ಬರೆದು ಕಳಿಸಿ. ಅಡ್ವಾನ್ಸ್ ನಗದಾಗಿ ಕೊಡಬೇಕಾದರೆ ಚೀಟಿ ತೆಗೆದುಕೊಳ್ಳಿ, ಯುಪಿಐ ಆದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇನ್ನೊಂದು ಮಾತು. ನಿಜವಾಗಿ ಬೇಕಾದ ಹೊತ್ತಿಗಿಂತ ಮೊದಲಿನ ಗಡುವು ಕೊಡಿ. ಬ್ಲೌಸ್‌ಗೆ ಮೂರು ದಿನ, ಲಗ್ನಪತ್ರಿಕೆಗೆ ಒಂದು ವಾರ, ಕೇಕ್‌ಗೆ ಒಂದೂವರೆ ಗಂಟೆ. ಆಷಾಢದಲ್ಲಿ ಟೈಲರ್‌ಗಳಿಗೆ ಕೆಲಸ ಕಡಿಮೆ. ಶ್ರಾವಣ ಬಂದ ಕೂಡಲೇ ಮದುವೆ, ವರಮಹಾಲಕ್ಷ್ಮಿ, ಗೌರಿ ಹಬ್ಬ ಎಲ್ಲ ಒಟ್ಟಿಗೇ ಬಂದು ಬಟ್ಟೆ ಗುಡ್ಡ ಬೀಳುತ್ತದೆ. ಶ್ರಾವಣದ ಬ್ಲೌಸ್ ಆಷಾಢದಲ್ಲೇ ಹೊಲಿಸಿಕೊಂಡರೆ ಈ ಲೇಖನದ ಮುಕ್ಕಾಲು ಭಾಗ ನಿಮಗೆ ಬೇಕಾಗುವುದೇ ಇಲ್ಲ.

ಹೆಜ್ಜೆ 2: ನಡುವೆ ಒಮ್ಮೆ ವಿಚಾರಿಸಿ, ಆದರೆ ಗಡುವನ್ನು ಸುಮ್ನೆ ಬಿಟ್ಟುಕೊಡಬೇಡಿ

ಎರಡು ದಿನ ಮುಂಚೆ ಒಂದು ಫೋಟೋ ಕೇಳಿ. ಆರಿ ವರ್ಕ್ ಎಲ್ಲಿಗೆ ಬಂತು? ಕುಚ್ಚು ಕಟ್ಟಲು ಸೀರೆ ಕೊಟ್ಟರಾ? ಪತ್ರಿಕೆಯ ಪ್ರೂಫ್ ಬಂತಾ? ಫೋಟೋ ಕಳಿಸದೆ "ಆಗುತ್ತೆ ಆಗುತ್ತೆ" ಎಂದಷ್ಟೇ ಹೇಳುತ್ತಿದ್ದರೆ, ಬೇರೆ ದಾರಿ ಹುಡುಕಲು ಶುರುಮಾಡಿ.

ಅವರು "ಗುರುವಾರ ಆಗಲ್ಲ, ಶನಿವಾರ ಕೊಡ್ಲಾ?" ಎಂದು ಕೇಳಿದಾಗ ನೀವು "ಆಯ್ತು" ಎಂದರೆ ಗಡುವು ಶನಿವಾರಕ್ಕೆ ಹೋಯಿತು. ಆಮೇಲೆ ಗುರುವಾರದ ಹೆಸರಲ್ಲಿ ಜಗಳ ಮಾಡಲು ಬರುವುದಿಲ್ಲ. ಒಪ್ಪುವುದಾದರೆ ಹೀಗೆ ಒಪ್ಪಿ: "ಶನಿವಾರ ಬೆಳಿಗ್ಗೆ ಹತ್ತು ಗಂಟೆವರೆಗೆ ಕಾಯುತ್ತೇನೆ. ಅದೂ ತಪ್ಪಿದರೆ ಆರ್ಡರ್ ರದ್ದು, ಅಡ್ವಾನ್ಸ್ ವಾಪಸ್. ಅರ್ಜೆಂಟ್ ಚಾರ್ಜ್ 500 ಈಗಲೇ ಬಿಲ್‌ನಿಂದ ತೆಗೆಯಿರಿ."

ಹೆಜ್ಜೆ 3: ತಡವಾಗಿ ಬಾಗಿಲಿಗೆ ಬಂದಾಗ

ನಾನು ಎಡವಿದ್ದು ಇಲ್ಲೇ. 55ನೇ ಸೆಕ್ಷನ್‌ನ ಕೊನೆಯ ಭಾಗ ಹೀಗೆ ಹೇಳುತ್ತದೆ: ಹೊತ್ತೇ ಮುಖ್ಯವಾಗಿದ್ದ ಕರಾರಿನಲ್ಲಿ ವಸ್ತುವನ್ನು ತಡವಾಗಿ ಒಪ್ಪಿಕೊಂಡರೆ, ತಡಕ್ಕೆ ಪರಿಹಾರ ಕೇಳುವಂತಿಲ್ಲ. ಒಪ್ಪಿಕೊಳ್ಳುವ ಹೊತ್ತಿನಲ್ಲೇ "ಪರಿಹಾರ ಕೇಳುತ್ತೇನೆ" ಎಂದು ತಿಳಿಸಿದ್ದರೆ ಮಾತ್ರ ಕೇಳಬಹುದು. ನನ್ನ "ಇರ್ಲಿ ಬಿಡಿ" ಎಷ್ಟು ದುಬಾರಿ ಮಾತು ಅಂತ ಆಗ ಅರ್ಥವಾಯಿತು.

ಬಾಗಿಲಲ್ಲಿ ನಿಂತು ನೀವು ನಿರ್ಧರಿಸಬೇಕಾದದ್ದು ಇಷ್ಟೇ: ಈಗ ಇದು ನಮಗೆ ಕೆಲಸಕ್ಕೆ ಬರುತ್ತದಾ?

ಬರುವುದಿಲ್ಲ ಎಂದಾದರೆ ತೆಗೆದುಕೊಳ್ಳಬೇಡಿ. "ಕಾರ್ಯ ಮುಗೀತು, ಇದು ನಮಗೆ ಬೇಡ. ಅಡ್ವಾನ್ಸ್ ವಾಪಸ್ ಕಳಿಸಿ" ಎಂದು ಮೆತ್ತಗೆ ಹೇಳಿ, ಹಾಗೇ ಮರಳಿಸಿ. ಬಾಕಿ ಕೊಡಬೇಡಿ.

ಸ್ವಲ್ಪವಾದರೂ ಕೆಲಸಕ್ಕೆ ಬರುತ್ತದೆ ಎಂದಾದರೆ ತೆಗೆದುಕೊಳ್ಳಿ. ಆದರೆ ಅವರು ಗೇಟು ದಾಟುವ ಮೊದಲೇ ಒಂದು ಮೆಸೇಜ್ ಹಾಕಿ: "ಒಂಬತ್ತಕ್ಕೆ ಬರಬೇಕಿದ್ದ ಜಡೆ 1:15ಕ್ಕೆ ಬಂತು. ಸದ್ಯ ತೆಗೆದುಕೊಂಡಿದ್ದೇವೆ. ತಡವಾದದ್ದಕ್ಕೆ ಹಣದ ವಿಷಯ ನಾಳೆ ಮಾತಾಡುತ್ತೇವೆ, ಹಣ ವಾಪಸ್ ಬೇಕಾಗುತ್ತೆ." ವಸ್ತುವಿನ ಒಂದು ಫೋಟೋ ತೆಗೆಯಿರಿ. ಬಾಕಿ ಹಣ ತಡೆಹಿಡಿಯಿರಿ.

ಬಂದದ್ದು ಡೆಲಿವರಿ ಹುಡುಗನಾದರೆ ಅವನ ಮೇಲೆ ಕೂಗಾಡಬೇಡಿ, ಅವನಿಗೆ ನಿಮ್ಮ ಮುಹೂರ್ತ ಗೊತ್ತಿರುವುದಿಲ್ಲ. ಮಾರಾಟಗಾರರೇ ಗಾಡಿ ಗೊತ್ತುಮಾಡಿದ್ದರೆ ತಡಕ್ಕೆ ಅವರೇ ಹೊಣೆ. ನೀವೇ ಆಟೋ ಕಳಿಸಿ ತರಿಸಿಕೊಂಡಿದ್ದರೆ, ಅಂಗಡಿ ಬಿಟ್ಟ ಮೇಲಿನ ತಡ ನಿಮ್ಮದು.

ಹೆಜ್ಜೆ 4: ಎಷ್ಟು ಕೇಳಬೇಕು?

ಕಾನೂನಿನಲ್ಲಿ ಇದಕ್ಕೆ ರೇಟ್ ಕಾರ್ಡ್ ಇಲ್ಲ. ನನಗೆ ನ್ಯಾಯ ಅನ್ನಿಸುವ ಲೆಕ್ಕ ಹೇಳುತ್ತೇನೆ. ಅಳತೆಗೋಲು ಒಂದೇ: ಯಾವ ಕೆಲಸಕ್ಕೆ ಹೇಳಿದ್ದೆವೋ ಆ ಕೆಲಸ ಆಯಿತಾ?

ಮಗುವಿನ ಹುಟ್ಟುಹಬ್ಬದ ಕೇಕ್ ಐದೂವರೆಗೆ ಬರಬೇಕಿತ್ತು, ಆರೂಕಾಲಿಗೆ ಬಂತು. ಮಕ್ಕಳು ಇನ್ನೂ ಇದ್ದರು, ಕೇಕ್ ಕತ್ತರಿಸಿದಿರಿ. ಆಗ ಡೆಲಿವರಿ ಚಾರ್ಜ್ ಮತ್ತು ಒಂದು ಕ್ಷಮೆ ಸಾಕು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಬಂತು ಎಂದರೆ ಪೂರ್ತಿ ಹಣ ವಾಪಸ್, ಕೇಕೂ ವಾಪಸ್. ಫ್ರಿಜ್‌ನಲ್ಲಿಟ್ಟು ಮೂರು ದಿನ ತಿಂದು ಪೂರ್ತಿ ಹಣ ಕೇಳುವುದು ಸರಿಯಲ್ಲ. ತಡವಾಯಿತೆಂದು ನೀವು ಬೇಕರಿಗೆ ಓಡಿ ಬೇರೆ ಕೇಕ್ ತಂದಿದ್ದರೆ ಆ ಬಿಲ್ ಇಟ್ಟುಕೊಳ್ಳಿ. ಮೊದಲಿನದಕ್ಕಿಂತ ಜಾಸ್ತಿ ಕೊಟ್ಟಿದ್ದರೆ ಆ ವ್ಯತ್ಯಾಸವನ್ನೂ ಕೇಳಬಹುದು. ಕೈಯಲ್ಲಾದ ಬದಲಿ ವ್ಯವಸ್ಥೆಯನ್ನು ನೀವು ಮಾಡಿಕೊಂಡಿರಾ ಅನ್ನೋದನ್ನೂ ಕಾನೂನು ನೋಡುತ್ತದೆ. ಸುಮ್ನೆ ಕೈಕಟ್ಟಿ ಕೂತು ನಷ್ಟ ಬೆಳೆಸಿದರೆ ಅದು ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಬ್ಲೌಸ್ ಸ್ವಲ್ಪ ಸೂಕ್ಷ್ಮ. ಧಾರೆಗೆ ಹೇಳಿದ್ದು ಆರತಕ್ಷತೆ ಹೊತ್ತಿಗೆ ಬಂತು, ಮುಂದೆ ನಾಲ್ಕು ಹಬ್ಬಕ್ಕೆ ಹಾಕಿಕೊಳ್ಳಬಹುದು. ಬಟ್ಟೆ ನಿಮ್ಮದು, ಹೊಲಿಗೆ, ಮಣಿ, ಜರಿ ಅವರದು. ನೀವು ಇಟ್ಟುಕೊಳ್ಳುವುದಾದರೆ ಹೊಲಿಗೆ ಕೂಲಿಯಲ್ಲಿ ಅರ್ಧ ಬಿಡಿ ಎಂದು ಕೇಳುವುದು ನ್ಯಾಯ. ಆದರೆ ಅರ್ಜೆಂಟ್ ಚಾರ್ಜ್ ಕೊಟ್ಟಿದ್ದರೆ ಅದು ಒಂದು ರೂಪಾಯಿ ಬಿಡದೆ ವಾಪಸ್ ಬರಬೇಕು. ಅದು ಹೊಲಿಗೆಯ ದುಡ್ಡಲ್ಲ, ಹೊತ್ತಿನ ದುಡ್ಡು. ಹೊತ್ತು ಸಿಗಲಿಲ್ಲ ಅಲ್ವಾ?

ಯುಗಾದಿ ಊಟಕ್ಕೆ ಹೇಳಿದ ನೂರು ಹೋಳಿಗೆ ಮೂರು ಗಂಟೆಗೆ ಬಂದರೆ, ಇಟ್ಟುಕೊಂಡಷ್ಟಕ್ಕೆ ಹಣ ಕೊಡಿ, ಉಳಿದದ್ದು ವಾಪಸ್. ಹೆಸರು, ದಿನಾಂಕ ಅಚ್ಚುಹಾಕಿಸಿದ ತಾಂಬೂಲದ ಬ್ಯಾಗ್ ನೆಂಟರು ಹೋದ ಮೇಲೆ ಬಂದರೆ ಅದು ಯಾರಿಗೂ ಪ್ರಯೋಜನವಿಲ್ಲ. ಆ ನಷ್ಟ ತಡಮಾಡಿದವರದ್ದು. ಪೂರ್ತಿ ಕೇಳಿ.

ಇನ್ನು ನಮ್ಮ ಜಡೆ. ಬಾಗಿಲಲ್ಲೇ ಬೇಡ ಎಂದಿದ್ದರೆ ಅಡ್ವಾನ್ಸ್ 1,000 ಪೂರ್ತಿ ಬರಬೇಕಿತ್ತು, ಬಾಕಿ ಕೊಡಬೇಕಿರಲಿಲ್ಲ. ಮೊಗ್ಗಿನ ಜಡೆಗೆ ಎರಡನೇ ದಿನ ಅನ್ನೋದೇ ಇಲ್ಲ.

ಹೆಜ್ಜೆ 5: ಕೇಳಬಾರದ ಸಂದರ್ಭಗಳು

ಅಳತೆ ಬ್ಲೌಸ್ ಕೊಡಲು ನೀವೇ ನಾಲ್ಕು ದಿನ ತಡಮಾಡಿದಿರಾ? ಪ್ರೂಫ್ ಓಕೆ ಮಾಡಿದ ಮೇಲೆ ಅಜ್ಜಿಯ ಹೆಸರು ಸೇರಿಸಿ ಎಂದಿರಾ? ಲೊಕೇಷನ್ ತಪ್ಪು ಕಳಿಸಿದಿರಾ? ಹಾಗಾದರೆ ತಡದಲ್ಲಿ ನಿಮ್ಮ ಪಾಲೂ ಇದೆ.

ಯಾರ ಕೈಯಲ್ಲೂ ಇಲ್ಲದ ಕಾರಣವಿದ್ದರೆ ಪರಿಹಾರ ಕೇಳಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅಂಥ ದಿನ ಕೇಕ್ ಬರಲಿಲ್ಲ ಎಂದು ಯಾರ ಮೇಲೆ ಸಿಟ್ಟು ಮಾಡುತ್ತೀರಿ? ಆದರೆ ಬಾರದ ವಸ್ತುವಿಗೆ ಕೊಟ್ಟ ಅಡ್ವಾನ್ಸ್ ಆಗಲೂ ನಿಮ್ಮದೇ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ ಇತ್ತು ಅನ್ನೋದು ಮಾತ್ರ ಕಾರಣವಲ್ಲ. ಅದು ದಿನಾ ಇರುತ್ತದೆ, ಆರ್ಡರ್ ಒಪ್ಪಿಕೊಂಡವರಿಗೂ ಗೊತ್ತಿರುತ್ತದೆ.

ಹೆಜ್ಜೆ 6: ಕೇಳುವ ಬಗೆ

ಕಾರ್ಯದ ದಿನ ಹೆಜ್ಜೆ 3ರ ಮಾತಷ್ಟೇ ಸಾಕು, ಮೊತ್ತದ ಚರ್ಚೆ ಬೇಡ, ಎರಡೂ ಕಡೆ ಬಿಸಿ ಇರುತ್ತದೆ. ಹಾಗೆಂದು ಎರಡು ವಾರ ಬಿಡಲೂಬೇಡಿ. ಮಾರನೇ ದಿನ ಒಳ್ಳೆಯದು. ಮೊತ್ತ ಹೇಳಿ, ಕಾರಣ ಹೇಳಿ, ದಿನ ಹೇಳಿ:

"ಅಕ್ಕ, ಕೆಲಸ ಚೆನ್ನಾಗಿತ್ತು, ಆದರೆ ನಾಲ್ಕು ಗಂಟೆ ತಡವಾಗಿ ಬಂತು. ಶಾಸ್ತ್ರಕ್ಕೆ ಉಪಯೋಗವಾಗಲಿಲ್ಲ. ಕೊಟ್ಟ 1,800ರಲ್ಲಿ 1,000 ವಾಪಸ್ ಕಳಿಸಿ. ಮುಂದಿನ ಸೋಮವಾರದೊಳಗೆ ಇದೇ ನಂಬರ್‌ಗೆ ಹಾಕಿದರೆ ಸಾಕು."

ನಾನು ಕೊನೆಗೆ ಕಳಿಸಿದ್ದು ಇದನ್ನೇ. "ಹೂವಿಗೇ 900 ಹೋಯ್ತು ಮೇಡಂ" ಎಂದರು. ಸುಳ್ಳಿರಲಾರದು. ಸೀಸನ್‌ನಲ್ಲಿ ಮಲ್ಲಿಗೆ ರೇಟು ಹೇಗೆ ಏರುತ್ತದೆ ಎಂದು ನಮಗೂ ಗೊತ್ತು. ರಾತ್ರಿಯೆಲ್ಲ ಕೂತು ಒಂದೊಂದೇ ಮೊಗ್ಗು ಪೋಣಿಸಿದ ಕೈ ಅವರದು. ಆದರೆ ಆ ಖರ್ಚು ದಂಡವಾದದ್ದು ನಮ್ಮಿಂದಲ್ಲ. ನಾನು ಬಾಕಿ ಕೊಟ್ಟು ತೆಗೆದುಕೊಂಡದ್ದರಿಂದ ನನ್ನ ಪಟ್ಟೂ ಸಡಿಲವಿತ್ತು. 600ಕ್ಕೆ ಒಪ್ಪಿಕೊಂಡೆವು, ಎರಡು ಕಂತಿನಲ್ಲಿ ಕಳಿಸಿದರು. ಸಣ್ಣ ವ್ಯಾಪಾರದವರ ಜೊತೆ ಹೀಗೆ ನಡುವೆ ಎಲ್ಲೋ ಒಪ್ಪಿಕೊಳ್ಳುವುದು ಸೋಲಲ್ಲ ಅಂತ ನನಗೆ ಅನ್ನಿಸುತ್ತದೆ. ಆದರೆ ಹಣದ ಬದಲು "ಮುಂದಿನ ಆರ್ಡರ್‌ನಲ್ಲಿ ಡಿಸ್ಕೌಂಟ್" ಎಂದರೆ, ನಿಮಗೆ ಬೇಕಿದ್ದರೆ ಮಾತ್ರ ಒಪ್ಪಿ.

ಆನ್‌ಲೈನ್ ರಿವ್ಯೂ ಬರೆಯುವುದಾದರೆ ನಡೆದದ್ದನ್ನಷ್ಟೇ ಬರೆಯಿರಿ: ಎಷ್ಟು ಗಂಟೆಗೆ ಹೇಳಿತ್ತು, ಎಷ್ಟಕ್ಕೆ ಬಂತು, ಕೇಳಿದಾಗ ಏನಂದರು. ಮನೆಯಿಂದ ದುಡಿಯುವ ಹೆಂಗಸಿನ ಫೋಟೋ, ವಿಳಾಸ, ಫೋನ್ ನಂಬರ್ ಹಾಕಿ ಮಾನ ಕಳೆಯುವುದು ಬೇಡ. "ಹಣ ಕೊಡದಿದ್ದರೆ ಕೆಟ್ಟ ರಿವ್ಯೂ ಹಾಕ್ತೀನಿ" ಎಂಬ ಬೆದರಿಕೆಯೂ ಬೇಡ.

ಹೆಜ್ಜೆ 7: ಕೊಡುವುದೇ ಇಲ್ಲ ಎಂದರೆ

"ಅಡ್ವಾನ್ಸ್ ವಾಪಸ್ ಇಲ್ಲ" ಎಂಬ ಬೋರ್ಡ್ ಕಂಡು ಹಿಂದೆ ಸರಿಯಬೇಡಿ. ನೀವು ಮನಸ್ಸು ಬದಲಿಸಿದಾಗ ಆ ಬೋರ್ಡ್‌ಗೆ ಅರ್ಥವಿದೆ, ಅವರೇ ಮಾತು ತಪ್ಪಿದಾಗ ಅದು ಅವರನ್ನು ಕಾಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಒಪ್ಪಿಕೊಂಡ ರೀತಿಯಲ್ಲಿ ಕೆಲಸ ಮಾಡಿಕೊಡದಿರುವುದು ಸೇವಾ ನ್ಯೂನತೆ. ಕೊರತೆ ಇರುವ ಸೇವೆಗೆ ಪಡೆದ ಹಣವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಹಾಗೆ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲಿ ಕೊಂಡದ್ದಾದರೆ 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ನೇರ: ಹೇಳಿದ ದಿನಕ್ಕಿಂತ ತಡವಾಗಿ ತಲುಪಿದ್ದನ್ನು ವಾಪಸ್ ತೆಗೆದುಕೊಳ್ಳಲು, ಹಣ ಮರಳಿಸಲು ಮಾರಾಟಗಾರ ಒಲ್ಲೆ ಎನ್ನುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣವಿದ್ದರೆ ಮಾತ್ರ ವಿನಾಯಿತಿ.

ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡ ತಾಣಗಳ ವಿಷಯದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅಲ್ಲೂ ಆಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಬೇಕೇ ಬೇಕು ಎಂದಿಲ್ಲ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಹೆಜ್ಜೆ 1ರ ಮೆಸೇಜ್, ಹಣ ಕೊಟ್ಟ ಸ್ಕ್ರೀನ್‌ಶಾಟ್, ಹೆಜ್ಜೆ 3ರ ಮೆಸೇಜ್ ಮತ್ತು ಫೋಟೋ, ಇಷ್ಟಿದ್ದರೆ ನಿಮ್ಮ ದೂರು ನಿಲ್ಲುತ್ತದೆ.

800 ರೂಪಾಯಿ ಕೇಕ್‌ಗೆ ಆಯೋಗದವರೆಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಮದುವೆಯ 40,000 ರೂಪಾಯಿಯ ಬಟ್ಟೆ, ಇಡೀ ಮಂಟಪದ ಹೂವಿನ ಅಲಂಕಾರ, ಫೋಟೋ ಆಲ್ಬಂ, ಇಂಥವಕ್ಕೆ ಖಂಡಿತ ಹೋಗಿ.

ಮಾರುವವರಿಗೂ ಒಂದು ಮಾತು

ನೀವೇ ಕೇಕ್ ಮಾಡುವವರು, ಬ್ಲೌಸ್ ಹೊಲಿಯುವವರು, ಹೋಳಿಗೆ ತಟ್ಟುವವರು ಆಗಿದ್ದರೆ ಆರ್ಡರ್ ಚೀಟಿಯಲ್ಲಿ ಎರಡು ಸಾಲು ಬರೆದಿಡಿ: ಎಷ್ಟು ತಡವಾದರೆ ಎಷ್ಟು ಹಣ ಬಿಡುತ್ತೀರಿ, ಅಳತೆ ಅಥವಾ ಡಿಸೈನ್ ಯಾವ ದಿನದ ಮೇಲೆ ಬದಲಿಸುವಂತಿಲ್ಲ. ಒಂದು ದಿನಕ್ಕೆ ಎಷ್ಟು ಆಗುತ್ತದೋ ಅಷ್ಟನ್ನೇ ಒಪ್ಪಿಕೊಳ್ಳಿ. ಮುಹೂರ್ತದ ದಿನಗಳಲ್ಲಿ ಬಂದ ಎಲ್ಲ ಆರ್ಡರ್‌ಗೂ ಹ್ಞೂ ಎಂದರೆ ಯಾರದೋ ಒಬ್ಬರದ್ದು ಕೆಡುವುದು ಖಂಡಿತ.

ತಡವಾಗುತ್ತದೆ ಎಂದು ಗೊತ್ತಾದ ಕೂಡಲೇ ನೀವೇ ಫೋನ್ ಮಾಡಿ. "ದಾರೀಲಿದೀನಿ" ಎನ್ನಬೇಡಿ, ಎಷ್ಟು ಗಂಟೆಗೆ ಬರುತ್ತೀರಿ ಎಂದು ನಿಜ ಹೇಳಿ. ಆ ದಿನ ಬೆಳಿಗ್ಗೆ ಏಳಕ್ಕೆ "ಮೇಡಂ, ಬರೋದು ಮಧ್ಯಾಹ್ನ ಒಂದು ಗಂಟೆ ಆಗುತ್ತೆ" ಎಂಬ ಒಂದು ಮಾತು ಬಂದಿದ್ದರೆ ನಾವು ದೇವರಾಜ ಮಾರುಕಟ್ಟೆಗೆ ಹೋಗಿ ಇನ್ನೂ ನಾಲ್ಕು ಮೊಳ ಹೂವು ತಂದು ಶಾಸ್ತ್ರ ಮುಗಿಸಿರುತ್ತಿದ್ದೆವು. ಹುಡುಗಿಯನ್ನು ಹನ್ನೆರಡಕ್ಕೇ ಮಲಗಿಸಿ, ಫೋಟೋಗ್ರಾಫರ್‌ನನ್ನು ಊಟಕ್ಕೆ ಕೂರಿಸಿ, ಜಡೆ ಬಂದ ಮೇಲೆ ಕನ್ನಡಿ ಮುಂದೆ ಆ ಒಂದು ಫೋಟೋ ತೆಗೆಸಿಕೊಳ್ಳುತ್ತಿದ್ದೆವು.